ಪ್ಲಗ್ಗಿನ ಮೇಲೆ ನಾನೆಳೆದ ಗೆರೆ

ಗೆಳತಿಯರೇ, ಇಂದು ಶಿರಾ ಪೇಟೆಯಲ್ಲಿ ನನ್ನ ಜಾಣತನವೇ ನನ್ನ ಮಾನ ಕಳೆಯಿತು. ವೈದ್ಯರಾದ ತಂದೆಯವರ ಮೋಟಾರ್ ಸೈಕಲ್ಲನ್ನು ರಿಪೇರಿಗೆ ಬಿಡುವ ಮುನ್ನ, ಮಿಸ್ತ್ರಿಯವರು ಬಿಡಿಭಾಗ ಬದಲಿಸಿಯಾರೆಂದು ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿನ ಪಿಂಗಾಣಿಯ ಮೇಲೆ ಗುರುತಿಗೆಂದು ಗುಟ್ಟಾಗಿ ಅರದಿಂದ ಗೆರೆ ಎಳೆದಿದ್ದೆ. ಸಂಜೆ ತಂದೆಯವರೊಡನೆ ಹೋಗಿ ನೋಡಿದರೆ ಗೆರೆಯಿಲ್ಲ. "ನಮ್ಮ ಪ್ಲಗ್ಗನ್ನು ಕದ್ದಿದ್ದೀರಿ" ಎಂದು ನಾಲ್ಕು ಜನರೆದುರು ಹೇಳಿಯೇಬಿಟ್ಟೆ.

ಮಿಸ್ತ್ರಿಯವರು ಕಾಗದದ ಪೊಟ್ಟಣ ಬಿಚ್ಚಿ ನಮ್ಮ ಪ್ಲಗ್ಗನ್ನು ತೋರಿಸಿದರು. "ಯಾರೋ ಅರ ಹಾಕಿ ಉಜ್ಜವ್ರೆ ಕಣಮ್ಮ, ಪಿಂಗಾಣಿ ಸೀಳ್ಬುಟ್ಟೈತೆ. ನಾಳೆ ಡಾಕ್ಟರು ಹುಲಿಕುಂಟೆ ದಾರೀಲಿ ನಿಂತ್ಕಂಡ್ರೆ ರೋಗಿಗಳ ಗತಿ? ಅದ್ಕೇ ನನ್ ಗಾಡೀದು ಬಿಚ್ಚಿ ಹಾಕ್ದೆ."

ತಂದೆಯವರು ನನ್ನತ್ತ ನೋಡಿದರು. ತರಗತಿಗೇ ಮೊದಲಿಗಳಾದ ನಾನು, ಅರ ಹಾಕಿದವಳು ನಾನೇ ಎಂದು ಆ ನಾಲ್ಕು ಜನರೆದುರೇ ಒಪ್ಪಿಕೊಂಡೆ.

ಶಿರಾದಲ್ಲಿ ನಂಬಿಕಸ್ಥ ಮಿಸ್ತ್ರಿ ಸಿಕ್ಕಿದ್ದಾರೆ. ಇನ್ನು ಗಾಡಿಯನ್ನು ಕಾಯಬೇಕಾದುದು ನನ್ನಿಂದ ಮಾತ್ರ.