ಅಮ್ಮ ತಂದ ಮೀನು

ತೀರಿಕೊಳ್ಳುವ ಹಿಂದಿನ ತಿಂಗಳು ಅಮ್ಮ ನಮ್ಮ ವಿಜಯನಗರದ ಮನೆಗೆ ಒಂದು ಗೋಲ್ಡ್ ಫಿಶ್ ತಂದುಕೊಟ್ಟಿದ್ದಳು. ಬೆನ್ನ ಮೇಲೆ ಬಿಳಿ ಮಚ್ಚೆಯಿದ್ದ ಮೀನು. ಮೂರು ವರ್ಷ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ. ಕಾವೇರಿ ನೀರನ್ನು ಎರಡು ದಿನ ಬಕೆಟ್ಟಿನಲ್ಲಿಟ್ಟು, ಕ್ಲೋರಿನ್ ಹೋದ ಮೇಲೇ ತೊಟ್ಟಿಗೆ ಸುರಿಯುತ್ತಿದ್ದೆ. ಮನೆಯವರ ಮೇಲಿನ ದೂರುಗಳನ್ನೆಲ್ಲ ಅದರ ಮುಂದೆಯೇ ಹೇಳಿಕೊಳ್ಳುತ್ತಿದ್ದೆ. ಅಮ್ಮನ ಹಾಗೆ ಅದು ಮಧ್ಯೆ ಬಾಯಿ ಹಾಕುತ್ತಿರಲಿಲ್ಲ.

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಅದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಗಂಡ ಊರಲ್ಲಿರಲಿಲ್ಲ. ಒಬ್ಬಳೇ ಅತ್ತು, ಕನಕಾಂಬರದ ಕುಂಡದಲ್ಲಿ ಹೂತೆ. ಇನ್ನೊಂದು ತರಬೇಕೋ ಬೇಡವೋ? ನನಗಂತೂ ಬೇಕಿರಲಿಲ್ಲ. ಆದರೆ ಕೆಂಗೇರಿ ಉಪನಗರದಲ್ಲಿ ಅಣ್ಣನ ಜೊತೆಗಿರುವ ಅಪ್ಪ ಪ್ರತಿ ಭಾನುವಾರ ಫೋನ್ ಮಾಡಿ ಮೊದಲು ಕೇಳುವುದೇ ಅಮ್ಮನ ಮೀನಿನ ಕ್ಷೇಮ. ಸತ್ತಿತೆಂದರೆ ಆ ಜೀವ ತಡೆದೀತೇ? ಯಾರಿಗೂ ಹೇಳದೆ ಅಂಥದ್ದೇ ಇನ್ನೊಂದನ್ನು ತಂದು ಬಿಡೋಣವೆಂದು ಡಬ್ಬಿ ಹಿಡಿದು ಹೊರಟೆ.

ರಾಜಾಜಿನಗರದ ಅಕ್ವೇರಿಯಂ ಅಂಗಡಿಯ ಹೆಂಗಸಿಗೆ ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ. ಅದರಲ್ಲಿ ಮೀನಿನ ತೊಟ್ಟಿಯ ಪಕ್ಕ ನಿಂತಿದ್ದ ಗಂಡನನ್ನು ಆಕೆ ತಕ್ಷಣ ಗುರುತು ಹಿಡಿದಳು.

"ಇವ್ರು ಹೋದ್ವರ್ಷ ಬಂದಿದ್ರಲ್ಲ ಮೇಡಂ. ನಲ್ಲಿ ನೀರು ನೇರ ಸುರ್ದು ಮೀನು ಹೋಯ್ತಂತೆ. ಜೊತೆಗೆ ಅವ್ರ ಮಾವನೂ ಇದ್ರು. ಒಂದೊಂದೇ ನೋಡಿ, ಬಿಳಿ ಮಚ್ಚೆ ಇರೋದನ್ನೇ ಆರಿಸಿದ್ರು. ಮಗಳಿಗೆ ಗೊತ್ತಾಗ್ಬಾರ್ದು ಅಂತಿದ್ರು."

ಅದರ ಹಿಂದಿನ ವರ್ಷ ನಾನು ಟ್ರೈನಿಂಗಿಗೆಂದು ಒಂದು ವಾರ ಮೈಸೂರಿನಲ್ಲಿದ್ದೆ. ಕೈ ಹಿಡಿದವನೂ ಹೆತ್ತವನೂ ಸೇರಿ ನನ್ನ ಕಿವಿ ಮೇಲೆ ಹೂವಿಟ್ಟಿದ್ದರು. ಅಮ್ಮನ ಮೀನನ್ನು ಎಲ್ಲಿ ಎಸೆದರೋ, ಅದಕ್ಕೆ ನಾನು ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ನಾನೂ ಅದೇ ಮೋಸಕ್ಕೆ ಹೊರಟವಳೇ, ಗೊತ್ತು. ಆದರೂ ಸಿಟ್ಟು ಇಳಿಯಲಿಲ್ಲ. ಹೆಚ್ಚು ಉರಿದದ್ದು ಅಪ್ಪನ ಮೇಲೆ. ಎಲ್ಲ ಗೊತ್ತಿದ್ದೂ ಒಂದು ವಾರವೂ ತಪ್ಪದೆ ಕೇಳಿದ್ದರಲ್ಲ. ಖಾಲಿ ಡಬ್ಬಿಯೊಂದಿಗೆ ಬಸ್ಸು ಹತ್ತಿದೆ.

ಭಾನುವಾರ ಫೋನ್ ಬಂತು.

"ನಿಮ್ಮಮ್ಮನ ಮೀನು ಹೇಗಿದೆ?"

"ಯಾವ್ದಪ್ಪಾ? ಅಮ್ಮ ತಂದಿದ್ದಾ, ನೀವು ತಂದಿದ್ದಾ?"

ಬಾಗಿಲಿಗೆ ಯಾರೋ ಬಂದರು ಎಂದು ಹೇಳಿ ಅಪ್ಪ ಫೋನ್ ಇಟ್ಟುಬಿಟ್ಟರು.

ತೊಟ್ಟಿಯನ್ನು ತೊಳೆದು ಬೋರಲು ಹಾಕಿದೆ. ಅಪ್ಪ ಈಗಲೂ ಭಾನುವಾರ ಫೋನ್ ಮಾಡುತ್ತಾರೆ. ಮೀನಿನ ಮಾತೆತ್ತುವುದಿಲ್ಲ. ಅಮ್ಮನ ಮಾತನ್ನೂ ಎತ್ತುವುದಿಲ್ಲ.