ಲೈಟ್ ಹೊಡೆಯುವವರು, ಲೈಟ್ ಕೊಡುವವರು

ಗಲ್ಫಿನಲ್ಲಿದ್ದಷ್ಟು ಕಾಲ ನಮ್ಮ ಕಾರಿಗೆ ಎರಡು ಬ್ರೇಕ್ ಇದ್ದವು. ಒಂದು ನಮ್ಮವರ ಕಾಲ ಕೆಳಗೆ, ಕಾರು ಮಾಡಿದವರು ಕೂರಿಸಿದ್ದು. ಇನ್ನೊಂದು ನನ್ನ ಕಾಲ ಕೆಳಗೆ, ನಾನೇ ಕಲ್ಪಿಸಿಕೊಂಡಿದ್ದು. ಪಕ್ಕದ ಸೀಟಿನಲ್ಲಿ ಕೂತು ಬಲಗಾಲನ್ನು ಒತ್ತಿ ಒತ್ತಿ ಅಲ್ಲಿನ ಮ್ಯಾಟು ಸವೆದು ತೂತು ಬಿದ್ದಿತ್ತು. ಕಾರು ಮಾರುವ ದಿನ, ಕೊಳ್ಳಲು ಬಂದವನು ತೂತಿನ ಕಡೆ ಬೆರಳು ಮಾಡಿ ಇದೇನು ಎಂದು ಕೇಳಿದ. "ನನ್ನ ಹೆಂಡತಿಯ ಬ್ರೇಕು. ನನ್ನದಕ್ಕಿಂತ ಹೆಚ್ಚು ಬಳಕೆಯಾಗಿದೆ," ಎಂದರು ನಮ್ಮವರು, ಸ್ವಲ್ಪವೂ ನಗದೆ.

ಒತ್ತದೆ ಏನು ಮಾಡಲಿ? ಆ ಊರು ಹಿಟ್ಟು ಉಬ್ಬಿದ ಹಾಗೆ ಉಬ್ಬುತ್ತಿತ್ತು. ಮರಳಿನಲ್ಲಿ ಹೊಸ ಬಡಾವಣೆ, ಬಡಾವಣೆಗೊಂದು ಫ್ಲೈಓವರ್, ಫ್ಲೈಓವರ್ ಮುಗಿಯುವ ಮೊದಲೇ ಅದರ ಮೇಲೊಂದು. ಫೋನಿನ ಮ್ಯಾಪಿನಲ್ಲಿ ನಮ್ಮ ಕಾರಿನ ಚುಕ್ಕಿ ಎಷ್ಟೋ ಸಲ ರಸ್ತೆಯೇ ಇಲ್ಲದ ಮರಳುಗಾಡಿನಲ್ಲಿ ಓಡುತ್ತಿತ್ತು. ರಸ್ತೆ ಅಗಲವಾದಷ್ಟೂ ಜನರ ಆತುರವೂ ಅಗಲವಾಯಿತು. ಎಲ್ಲಿಗೆ ಹೋಗುತ್ತಿದ್ದರೋ, ಏನು ತಲೆ ಹೋಗುತ್ತಿತ್ತೋ! ನೀವು ವೇಗದ ಲೇನಿನಲ್ಲಿದ್ದರೆ ಹಿಂದಿನಿಂದ ಒಂದು ಬಿಳಿ ದೊಡ್ಡ ಗಾಡಿ ಬಂದು, ನಿಮ್ಮ ಡಿಕ್ಕಿಗೆ ಮೂಗು ತಾಗಿಸುವಷ್ಟು ಹತ್ತಿರದಲ್ಲಿ ಹೆಡ್‌ಲೈಟನ್ನು ಪಕಪಕ ಎನ್ನಿಸುತ್ತಿತ್ತು. ಇದಕ್ಕೆ ಅಲ್ಲಿನ ಕನ್ನಡದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: ಲೈಟ್ ಹೊಡೆಯೋದು. "ಲೈಟ್ ಹೊಡೀತಿದಾನೆ ಕಣ್ರೀ, ದಾರಿ ಬಿಡಿ!" ಎಂದು ನಾನು ಕೂಗುವುದು, ಅವರು ಪಕ್ಕಕ್ಕೆ ಸರಿಯುವುದು, ಮ್ಯಾಟಿನ ತೂತು ಇನ್ನಷ್ಟು ದೊಡ್ಡದಾಗುವುದು.

ನಮ್ಮವರು ಮೈಸೂರಿನಲ್ಲಿ ಸ್ಕೂಟರ್ ಓಡಿಸುವಾಗ ಹಸು ಅಡ್ಡ ಮಲಗಿದ್ದರೆ ಎಂಜಿನ್ ಆರಿಸಿ ಕಾಯುತ್ತಿದ್ದ ಮನುಷ್ಯ. ಅಂಥವರೂ ನೋಡನೋಡುತ್ತಲೇ ಲೈಟ್ ಹೊಡೆಯುವವರಾದರು. ಕೇಳಿದರೆ, "ಹೊಡೀದಿದ್ರೆ ಇಲ್ಲಿ ಯಾರೂ ಜಾಗ ಕೊಡಲ್ಲ ಕಣೇ," ಎಂಬ ಉತ್ತರ.

ನಾನು ಅಲ್ಲಿ ಕೆಲಸ ಮಾಡುತ್ತಿದ್ದುದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ. ಆ ರಸ್ತೆಗಳು ಕೊನೆಗೆ ನಮ್ಮ ಬಾಗಿಲಿಗೇ ಬಂದು ಮುಗಿಯುತ್ತಿದ್ದವು. ಒಂದು ಮಧ್ಯಾಹ್ನ ವ್ಯಾನ್ ಓಡಿಸುತ್ತಿದ್ದ ನಮ್ಮ ಕರಾವಳಿಯ ಕಡೆಯವರೊಬ್ಬರನ್ನು ಕರೆತಂದರು. ಕಾಲು ಮುರಿದಿತ್ತು, ಹಣೆ ಸೀಳಿತ್ತು. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ನಾನು ಹೊಲಿಗೆ ಹಾಕುತ್ತಿದ್ದಷ್ಟು ಹೊತ್ತೂ ಅವರು ಒಂದನ್ನೇ ಕೇಳಿದರು. "ಡಾಕ್ಟ್ರೇ, ಹಿಂದಿನಿಂದ ಲೈಟ್ ಹೊಡೆದ. ಪಕ್ಕದಲ್ಲಿ ಲಾರಿ ಇತ್ತು. ನಾನು ಎಲ್ಲಿಗೆ ಹೋಗ್ಲಿ, ನೀವೇ ಹೇಳಿ." ನಾನು ಮುಂದಿನ ಹೊಲಿಗೆ ಹಾಕಿದೆ. ಅವರು ಬದುಕಿದರು, ಕೋಲು ಹಿಡಿದು ನಡೆದುಕೊಂಡೇ ಮನೆಗೆ ಹೋದರು. ನಾನು ಮಾತ್ರ ಅವತ್ತೇ ತೀರ್ಮಾನಿಸಿದೆ: ಈ ಜನ್ಮದಲ್ಲಿ ಸ್ಟೀರಿಂಗ್ ಮುಟ್ಟುವವಳಲ್ಲ.

ಆಮೇಲೆ ನಮ್ಮವರಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಅವರು ಮೊದಲು ಹೋದರು, ನಾನು ಇಲ್ಲಿ ಡಾಕ್ಟರಾಗಲು ಬೇಕಾದ ಪರೀಕ್ಷೆಗಳನ್ನು ಮುಗಿಸಿಕೊಂಡು ಮಗಳೊಂದಿಗೆ ಬರುವಷ್ಟರಲ್ಲಿ ವರ್ಷಗಳೇ ಕಳೆದವು. ಅಷ್ಟು ಕಾಲ ಮಗಳ ಪಾಲಿಗೆ ಅಪ್ಪ ಎಂದರೆ ಪರದೆಯ ಮೇಲಿನ ಮುಖ. "ಫೋನ್ ಅಪ್ಪ" ಎಂದೇ ಕರೆಯುತ್ತಿದ್ದಳು. ಕೊನೆಗೂ ಐರ್ಲೆಂಡಿನ ಸ್ಲೈಗೋ ಊರಿನಲ್ಲಿ ಮೂವರೂ ಒಂದೇ ಮನೆಯಲ್ಲಿ ಕೂತು ಒಂದೇ ಪಾತ್ರೆಯ ಸಾರು ಉಂಡೆವು. ಒಂದು ವರ್ಷವಾಗುವಷ್ಟರಲ್ಲಿ ಅವಳ ಇಂಗ್ಲಿಷ್ ಪೂರ್ತಿ ಐರಿಷ್ ಆಯಿತು, ಕನ್ನಡ ಅರ್ಧಂಬರ್ಧ ಉಳಿಯಿತು.

ಅಷ್ಟರಲ್ಲಿ ಇಲ್ಲಿನ ಆಸ್ಪತ್ರೆಯಲ್ಲಿ ನನ್ನ ಕರಾರು ಮುಗಿಯುತ್ತ ಬಂತು. ಮುಂದಕ್ಕೆ ಎರಡು ದಾರಿ. ಒಂದು, ಹಾಸಿಗೆ ಹಿಡಿದವರನ್ನು ಹಳ್ಳಿಗಳ ಮನೆಮನೆಗೆ ಹೋಗಿ ನೋಡುವ ತಂಡ. ಕೆಲಸ ಸ್ಲೈಗೋದಲ್ಲೇ, ಆದರೆ ಪೂರ್ಣ ಡ್ರೈವಿಂಗ್ ಲೈಸೆನ್ಸ್ ಇರಲೇಬೇಕು. ಇನ್ನೊಂದು ಡಬ್ಲಿನ್ನಿನ ಬ್ಲಾಂಚರ್ಡ್ಸ್‌ಟೌನ್ ಕಡೆಯ ಆಸ್ಪತ್ರೆ. ಅಲ್ಲಿ ಬಸ್ಸಿದೆ, ಲೈಸೆನ್ಸ್ ಬೇಡ. ಆದರೆ ಅಲ್ಲೇ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಮನೆಗೆ ಬರಬೇಕು. ಊಟದ ಹೊತ್ತಿಗೆ ನಾವಿಬ್ಬರೂ ಇದನ್ನು ಚರ್ಚಿಸುತ್ತಿದ್ದಾಗ ಮಗಳು ತಟ್ಟೆಯಿಂದ ತಲೆಯೆತ್ತದೆ ಕೇಳಿದಳು, "ಸೋ, ಈಗ ನೀನು ಫೋನ್ ಅಮ್ಮ ಆಗ್ತೀಯಾ?"

ಮಾರನೇ ವಾರವೇ ನಮ್ಮ ಕಾರಿನ ಹಿಂದೆ ಮುಂದೆ ಕೆಂಪು ಎಲ್ ಬೋರ್ಡ್ ಬಿತ್ತು.

ಪಕ್ಕದಲ್ಲಿ ಗುರುಗಳಾಗಿ ಕೂತವರು ನಮ್ಮವರು. ಈ ದೇಶ ಅವರನ್ನು ಕೋಲೆ ಬಸವ ಮಾಡಿಬಿಟ್ಟಿತ್ತು. ಎದುರು ಬಂದ ಪ್ರತಿಯೊಬ್ಬರಿಗೂ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ, ತಲೆಯಾಡಿಸಿ, ಕುರಿಗೂ ದಾರಿ ಬಿಟ್ಟು ಓಡಿಸುವುದೇನು! "ಅಲ್ಲಿ ಇಷ್ಟು ವಿನಯ ಎಲ್ಲಿಟ್ಟಿದ್ರಿ?" ಎಂದರೆ, "ಲಗೇಜಲ್ಲಿ ಪ್ಯಾಕ್ ಆಗಿತ್ತು," ಎನ್ನುತ್ತಿದ್ದರು. ಆದರೆ ನಾನು ಕಾರು ಹೊರಡಿಸಿದ ಕೂಡಲೇ ಅವರ ಕಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ನಾನು ಬಿಡುತ್ತೇನೆಯೇ? "ರೀ, ನಿಮ್ಮ ಬ್ರೇಕ್ ಕೆಲಸ ಮಾಡ್ತಿದ್ಯಾ?" ಎಂದು ತಿರುವು ತಿರುವಿಗೂ ಕೇಳಿದೆ. ಬಡ್ಡಿ ಸಮೇತ ತೀರಿಸಿದೆ ಅನ್ನಿ.

ನಮ್ಮ ಮನೆಯಿಂದಾಚೆ ಒಂದು ಹಳೇ ಕಲ್ಲಿನ ಸೇತುವೆ. ಒಂದು ಸಲಕ್ಕೆ ಒಂದೇ ಕಾರು. ಒಂದು ಭಾನುವಾರ ನಾನು ಅದರ ಬಾಯಿಗೆ ಬರುವುದಕ್ಕೂ ಆ ಬದಿಗೆ ಹಳೇ ಜೀಪೊಂದು ಬರುವುದಕ್ಕೂ ಸರಿಹೋಯಿತು. ಜೀಪು ಪಕ್ ಪಕ್ ಎಂದು ಲೈಟ್ ಹೊಡೆಯಿತು.

"ಹೋಗು," ಎಂದರು ನಮ್ಮವರು.

"ಹೋಗೋದಾ? ಲೈಟ್ ಹೊಡೀತಿದಾರಲ್ರೀ!"

"ಅದಕ್ಕೇ ಹೋಗು ಅಂದಿದ್ದು."

ನಾನು ರಿವರ್ಸ್ ಹಾಕಿದೆ. ಜೀಪು ಮತ್ತೆ ಹೊಡೆಯಿತು. ನಾನು ಇನ್ನೂ ಹಿಂದಕ್ಕೆ ಹೋದೆ. ಪಾಪ, ಅವರು ಇನ್ನಷ್ಟು ಹೊಡೆದರು, ನಾನು ಬೇಲಿಯೊಳಗೆ ಹಿಂದಿನ ಚಕ್ರ ನುಗ್ಗಿಸಿ ನಿಂತೆ. "ಪಕ್ಕದಲ್ಲಿ ಬೇಲಿ, ಎದುರಿಗೆ ಸೇತುವೆ, ನಾನು ಎಲ್ಲಿಗೆ ಹೋಗ್ಲಿ?" ಎಂದು ಕಿರುಚಿದಾಗ ಆ ಮಾತು ನನ್ನದಲ್ಲ ಎಂದು ನನಗೇ ಅನ್ನಿಸಿತು. ಅವತ್ತು ನಾನು ಹೊಲಿದ ಹಣೆ ಕಣ್ಣ ಮುಂದೆ ಬಂತು.

ಜೀಪಿನಿಂದ ರೈತ ಅಜ್ಜ ಒಬ್ಬರು ಇಳಿದು, ಸೇತುವೆ ದಾಟಿ ನಡೆದುಕೊಂಡೇ ಬಂದರು. ಬೈಯುತ್ತಾರೆಂದು ನಾನು ಗಾಜು ಇಳಿಸಲೂ ಹೆದರಿದೆ. ಅವರು ಬಗ್ಗಿ, "ಯು ಆರ್ ಗ್ರ್ಯಾಂಡ್, ಲವ್. ಕಮ್ ಆನ್ ಅಹೆಡ್," ಎಂದು, ಏನೂ ಪರವಾಗಿಲ್ಲಮ್ಮ, ನೀನೇ ಮೊದಲು ಬಾ ಎನ್ನುವ ಅರ್ಥದಲ್ಲಿ ಹೇಳಿ, ಬಂದ ಹಾಗೆಯೇ ವಾಪಸು ನಡೆದು ಹೋದರು.

"ಲೈಟ್ ಹೊಡೆದಿದ್ದು ನಿಂಗೆ ದಾರಿ ಬಿಡೋಕೆ ಕಣೇ," ಎಂದರು ನಮ್ಮವರು.

ಹಿಂದಿನ ಸೀಟಿನಿಂದ ಮಗಳು ಗಾಬರಿಯಾಗಿ, "ಹೊಡೆದ್ರಾ? ಹೂ ಹಿಟ್ ಹೂ?" ಎಂದಳು. ಅವಳ ಕನ್ನಡದಲ್ಲಿ ಹೊಡೆಯುವುದೆಂದರೆ ಹೊಡೆಯುವುದೇ. ಅಪ್ಪ ಕೈಯಾಡಿಸಿ ವಿವರಿಸಿದ ಮೇಲೆ ಅವಳಿಗೆ ನಮ್ಮ ಭಾಷೆಯ ಮೇಲೇ ಬೇಸರವಾಯಿತು. "ಬಟ್ ದಟ್ಸ್ ರಾಂಗ್, ಅಮ್ಮ. ಅಜ್ಜ ಹೊಡೀಲಿಲ್ಲ. ಅಜ್ಜ ಲೈಟ್ ಕೊಟ್ರು."

ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನಕ್ಕು ಮುಗಿದ ಮೇಲೂ ಆ ಮಾತು ನನ್ನೊಳಗೆ ಉಳಿಯಿತು.

ಆದರೆ ತಲೆಗೆ ಗೊತ್ತಾದದ್ದು ಕಾಲಿಗೆ ಗೊತ್ತಾಗಬೇಕಲ್ಲ. ಮೊದಲ ಟೆಸ್ಟಿನಲ್ಲಿ, ಎರಡೂ ಬದಿ ಕಾರು ನಿಲ್ಲಿಸಿದ್ದ ಇಕ್ಕಟ್ಟಿನ ಬೀದಿಯಲ್ಲಿ ಎದುರಿಗೆ ಬಂದ ವ್ಯಾನೊಂದು ಲೈಟ್ ಹಾಕಿತು. ನಾನು ಕಲ್ಲಾದೆ. ಅದು ಮತ್ತೆ ಹಾಕಿತು. ನನ್ನ ಕೈ ತಾನಾಗಿ ರಿವರ್ಸ್ ಗೇರಿಗೆ ಹೋಯಿತು. ಪಕ್ಕದಲ್ಲಿದ್ದ ಪರೀಕ್ಷಕಿ ಬಹಳ ಮೃದುವಾಗಿ, "ರಿವರ್ಸ್ ಮಾಡಿ ಅಂತ ನಾನು ಆಮೇಲೆ ಹೇಳ್ತೀನಿ," ಎಂದರು. ಹೇಳುವ ಪ್ರಸಂಗವೇನೋ ಬಂತು, ಪ್ರಯೋಜನವಾಗಲಿಲ್ಲ. ಫೇಲ್. ಕಾರಣ, 'ಪ್ರೋಗ್ರೆಸ್' ಸಾಲದು. ಅಂದರೆ, ಹೋಗಬೇಕಾದಾಗ ಹೋಗಲಿಲ್ಲ.

"ಆ ಊರಲ್ಲಿ ಜೋರಾಗಿ ಹೋದವರಿಗೆ ದಂಡ ಹಾಕ್ತಿದ್ರು, ನೀನು ಹೋಗದೇನೇ ದಂಡ ಹಾಕಿಸ್ಕೊಂಡೆಯಲ್ಲೇ," ಎಂದು ನಮ್ಮವರು ಮನೆಯಲ್ಲಿ ತಮಾಷೆಗೆ ಶುರುಮಾಡಿದರು. ನನಗೆ ಮೈಯೆಲ್ಲ ಉರಿಯಿತು.

"ನಗಿ, ಚೆನ್ನಾಗಿ ನಗಿ. ನೀವು ಲೈಟ್ ಹೊಡೀವಾಗ ಮುಂದಿನ ಕಾರಲ್ಲಿ ಕೂತಿರ್ತಿದ್ದವರು ಯಾರು ಅಂತ ಒಂದಿನ ಯೋಚನೆ ಮಾಡಿದ್ರಾ? ನನ್ನ ಹಾಗಿರೋರೇ. ಅವರೇ ನನ್ನ ಟೇಬಲ್ ಮೇಲೆ ಬರ್ತಿದ್ದಿದ್ದು. ಈಗ ನಾನು ಡಬ್ಲಿನ್ನಿಗೆ ಹೋಗ್ತೀನಿ, ನೀವು ಇಲ್ಲಿ ಎಲ್ಲರಿಗೂ ಬೆರಳೆತ್ತಿಕೊಂಡು ಆರಾಮಾಗಿರಿ!"

ಅವರು ಚಪ್ಪಲಿ ಮೆಟ್ಟಿ ಎಲ್ಲಿಗೋ ಹೊರಟರು. ಕೋಪ ಬಂತೇನೋ ಅಂದುಕೊಂಡೆ. ಹೋಗಿದ್ದು ಜೀಪಿನ ಅಜ್ಜನ ಮನೆಗೆ.

ಆಮೇಲೆ ಸಂಜೆ ಸಂಜೆ ನಡೆದದ್ದನ್ನು ಊರವರು ಇವತ್ತಿಗೂ ನೆನೆದು ನಗುತ್ತಾರೆ. ಅಜ್ಜ ಆ ಬದಿಗೆ ಜೀಪು ತಂದು ನಿಲ್ಲಿಸುವುದು, ನಾನು ಈ ಬದಿಗೆ ಬರುವುದು, ಅವರು ಲೈಟ್ ಹಾಕುವುದು. ನಮ್ಮವರ ಪಾಠ ಒಂದೇ: "ಲೈಟನ್ನ ನಂಬಬೇಡ, ರಸ್ತೆ ನೋಡು. ಖಾಲಿ ಇದ್ರೆ ಹೋಗು." ಹಿಂದಿನಿಂದ ಮಗಳ ಕಾಮೆಂಟರಿ: "ಕೊಟ್ರು ಅಮ್ಮ, ಕೊಟ್ರು! ತಗೋ!" ನಾನು ದಾಟುವುದು, ಅಜ್ಜ ಬೆರಳೆತ್ತಿ "ಗ್ರ್ಯಾಂಡ್" ಎನ್ನುವುದು, ಮತ್ತೆ ತಿರುಗಿಸಿಕೊಂಡು ಬರುವುದು. ಒಂದು ಸಂಜೆ ಅಜ್ಜನ ನಾಯಿಗೇ ಬೇಸರ ಬಂದು ಜೀಪಿನಿಂದಿಳಿದು ಮನೆಗೆ ಹೋಯಿತು. ಅಜ್ಜ ಹೋಗಲಿಲ್ಲ.

ಹಳ್ಳಿ ತಂಡದ ಕೆಲಸ ಶುರುವಾಗಲು ಇನ್ನೇನು ದಿನಗಳಿವೆ ಎನ್ನುವಾಗ, ಯಾರೋ ಬಿಟ್ಟುಕೊಟ್ಟ ಟೆಸ್ಟಿನ ಜಾಗ ನನಗೆ ಸಿಕ್ಕಿತು. ಪುಣ್ಯಕ್ಕೋ ಪಾಪಕ್ಕೋ ಅದೇ ಪರೀಕ್ಷಕಿ, ಅದೇ ಇಕ್ಕಟ್ಟಿನ ಬೀದಿ. ಎದುರಿಗೆ ಕಸದ ಲಾರಿ. ಲೈಟ್ ಬಂತು. ಕಾಲು ಬ್ರೇಕಿನ ಮೇಲೆ ಗಟ್ಟಿಯಾಯಿತು. ತಗೋ, ತಗೋ ಎಂಬ ಮಗಳ ದನಿ ಕಿವಿಯಲ್ಲಿತ್ತು. ಎಡ ನೋಡಿದೆ, ಬಲ ನೋಡಿದೆ, ರಸ್ತೆ ಖಾಲಿ. ಕಾಲೆತ್ತಿದೆ. ಕಾರು ಹೋಯಿತು. ದಾಟುವಾಗ ನನ್ನ ತೋರುಬೆರಳು ತಾನಾಗಿ ಮೇಲೆದ್ದಿತು. ನಾನೂ ಕೋಲೆ ಬಸವನಾದೆ.

ಪಾಸಾದೆ. ಹೊರಗೆ ಕಾಯುತ್ತಿದ್ದ ನಮ್ಮವರು ನನ್ನ ಮುಖ ನೋಡಿ ಏನೂ ಕೇಳದೆ ಎಲ್ ಬೋರ್ಡು ಕಿತ್ತರು. ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಎಂದುಕೊಂಡಿದ್ದಾರೆ, ಹಾಗೇ ಇರಲಿ.

ಈಗ ದಿನವೂ ಆ ಸೇತುವೆ ದಾಟಿ ರೋಗಿಗಳ ಮನೆಗೆ ಹೋಗುತ್ತೇನೆ, ಸಂಜೆ ಅದನ್ನೇ ದಾಟಿ ನನ್ನ ಮನೆಗೆ ಬರುತ್ತೇನೆ. ಮೊನ್ನೆ ಹನಿ ಮಳೆಯಲ್ಲಿ ವಾಪಸು ಬರುವಾಗ ಆ ಬದಿಗೆ ಎಲ್ ಬೋರ್ಡಿನ ಚಿಕ್ಕ ಕಾರೊಂದು ಬಂದು ನಿಂತಿತು. ನಾನು ಲೈಟ್ ಕೊಟ್ಟೆ. ಕಾರು ಹಿಂದಕ್ಕೆ ಸರಿಯಿತು. ಬಹುಶಃ ಕಾಣಲಿಲ್ಲವೇನೋ ಎಂದು ಮತ್ತೆ ಕೊಟ್ಟೆ. ಅದು ಗಡಬಡಿಸಿ ಬೇಲಿಗೇ ಹೋಗಿ ಆನಿಕೊಂಡಿತು.

ಅಯ್ಯೋ ದೇವರೇ! ಇಳಿದು, ತಲೆ ಮೇಲೆ ಕೋಟು ಎಳೆದುಕೊಂಡು ಸೇತುವೆಯ ಮೇಲೆ ನಡೆದೆ.

ನಮ್ಮ ಕಡೆಯವರ ಹಾಗೇ ಕಾಣುವ ಗಂಡ ಹೆಂಡತಿ. ಭಾಷೆ ಯಾವುದೋ, ಗೊತ್ತಾಗಲಿಲ್ಲ. ಗಂಡ ಸ್ಟೀರಿಂಗನ್ನು ಅವುಚಿಕೊಂಡು, "ಸಾರಿ ಮೇಡಂ, ಸಾರಿ," ಎಂದ. ಮೊದಲು ಎಲ್ಲಿದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಹೇಳಿದ. ಗಲ್ಫಿನಲ್ಲಿ ನಾವಿದ್ದ ಅದೇ ಊರು.

"ಯು ಆರ್ ಗ್ರ್ಯಾಂಡ್," ಎಂದೆ. "ಕಮ್ ಆನ್ ಅಹೆಡ್. ಇಲ್ಲಿ ಲೈಟ್ ಹಾಕಿದರೆ ನೀವು ಮೊದಲು ಬನ್ನಿ ಅಂತ ಅರ್ಥ."

ಆಗ ಪಕ್ಕದ ಸೀಟಿನ ಕಡೆ ಕಣ್ಣು ಹೋಯಿತು. ಹೆಂಡತಿ ಸೀಟಿಗೆ ಬೆನ್ನು ಒತ್ತಿ, ಬಲಗಾಲನ್ನು ನೆಲಕ್ಕೆ ನೆಟ್ಟು ಕೂತಿದ್ದಳು. ಕಾರು ನಿಂತು ಎಷ್ಟು ಹೊತ್ತಾಗಿತ್ತು, ಆದರೂ ಒತ್ತಿಯೇ ಇದ್ದಳು. ನಾನು ಅವಳ ಕಾಲನ್ನು ತೋರಿಸಿ, "ಆ ಬ್ರೇಕ್ ಇನ್ನು ಬೇಡಮ್ಮ, ಬಿಡು," ಎಂದೆ. ಕನ್ನಡದಲ್ಲೇ ಬಂತು. ಅವಳಿಗೆ ಅದು ಹೇಗೆ ಅರ್ಥವಾಯಿತೋ, ಕಾಲನ್ನೊಮ್ಮೆ ನೋಡಿಕೊಂಡಳು, ನಗಲು ಹೋದಳು, ಕಣ್ಣು ತುಂಬಿ ಬಂತು. ಮೆಲ್ಲಗೆ ಕಾಲೆತ್ತಿದಳು.

ನಾನು ನನ್ನ ಕಾರಿಗೆ ಬಂದು ಕೂತು ಮತ್ತೊಮ್ಮೆ ಲೈಟ್ ಕೊಟ್ಟೆ. ಚಿಕ್ಕ ಕಾರು ಹೊರಟಿತು, ಸೇತುವೆ ಹತ್ತಿತು, ನನ್ನ ಪಕ್ಕಕ್ಕೆ ಬಂತು. ಆ ಮಹಾರಾಯ ಒಂದು ಬೆರಳೆತ್ತುವುದು ಬಿಟ್ಟು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

"ಸ್ಟೀರಿಂಗ್ ಹಿಡ್ಕೊಳ್ಳಪ್ಪಾ!" ಎಂದು ಕೂಗಿದೆ.