ಥ್ಯಾಂಕ್‌ಫುಲ್ ಪೀಸ್ಲಿಯ ಕಲ್ಲು

ವರ್ನಾ ವಿಚರ್ ಶಾಲೆಗೆ ಹೋಗಿದ್ದು ಆರನೇ ತರಗತಿಯವರೆಗೆ ಮಾತ್ರ. ಓದುವಾಗ ಸಾಲಿನ ಕೆಳಗೆ ಬೆರಳಿಟ್ಟುಕೊಳ್ಳುತ್ತಿದ್ದಳು, ತುಟಿ ಮೆಲ್ಲಗೆ ಆಡುತ್ತಿತ್ತು. ಆದರೂ ನ್ಯೂ ಹ್ಯಾಂಪ್‌ಶೈರಿನ ನಮ್ಮ ಟಾರ್ಬೆಲ್ ಊರಿಗೆ ಇನ್ನೂರು ವರ್ಷ ತುಂಬುತ್ತದೆ, ಹಳೇ ಮನೆತನಗಳದ್ದೊಂದು ಪುಸ್ತಕ ಆಗಬೇಕು ಅಂತ ಮಾತು ಬಂದಾಗ ಆ ಕೆಲಸ ಅವಳ ಕೊರಳಿಗೇ ಬಿತ್ತು. ಗಂಡ ಲೈಲ್ ತೀರಿಹೋಗಿ ಎರಡು ಚಳಿಗಾಲ ಕಳೆದಿತ್ತು. ಮಾಸಿದ ಒಂದು ಅಕ್ಷರದ ಮುಂದೆ ಇಡೀ ಬೆಳಗು ಕೂರುವ ತಾಳ್ಮೆ ಊರಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಅವಳದ್ದು ಒಂದೇ ಕಟ್ಟಳೆ. ಕಾಗದದಲ್ಲಿರಬೇಕು, ಇಲ್ಲ ಕಲ್ಲಿನಲ್ಲಿರಬೇಕು. ನಮ್ಮಜ್ಜಿ ಹೇಳುತ್ತಿದ್ದಳು ಅಂತ ಯಾರಾದರೂ ಶುರು ಮಾಡಿದರೆ ಪೆನ್ಸಿಲ್ ಕೆಳಗಿಟ್ಟುಬಿಡುತ್ತಿದ್ದಳು. ಡೌ ಮನೆಯವರು ತಮ್ಮ ಮೂಲಪುರುಷ ಇಂಗ್ಲೆಂಡಿನಿಂದ ಬಂದ ಮೊದಲನೇ ಹಡಗಿನಲ್ಲೇ ಬಂದವನು ಅಂತ ಮೂರು ತಲೆಮಾರಿನಿಂದ ಹೇಳಿಕೊಂಡಿದ್ದರು. ವರ್ನಾ ಅವನನ್ನು ಹಡಗಿನಿಂದ ಇಳಿಸಿ, ಅದಾಗಿ ಎಷ್ಟೋ ವರ್ಷದ ಮೇಲೆ ಬಂದು ಚರ್ಮ ಹದ ಮಾಡುವವನ ಮನೆಯಲ್ಲಿ ಆಳಾಗಿದ್ದವನು ಅಂತ ಬರೆದಳು. ಅವತ್ತಿನಿಂದ ಡೌ ಮನೆಯ ಯಜಮಾನಿ ಚರ್ಚಿನಲ್ಲಿ ಅವಳ ಬೆಂಚು ಬಿಟ್ಟು ಕೂರುತ್ತಿದ್ದಳು.

ಕಷ್ಟ ಬಂದಿದ್ದು ಪೀಸ್ಲಿಗಳ ವಿಷಯದಲ್ಲಿ. ಊರು ಕಟ್ಟಿದವರಲ್ಲಿ ಜೋಥಮ್ ಪೀಸ್ಲಿ ಒಬ್ಬ. ಅವನ ಹೆಂಡತಿಯ ಹೆಸರು ಥ್ಯಾಂಕ್‌ಫುಲ್. ಅವನಿಗೆ ಇಬ್ಬರು ಗಂಡುಮಕ್ಕಳು, ಕೇಲಬ್ ಮತ್ತು ಏಮಸ್. ಕೇಲಬ್‌ನ ಕಡೆಯವರು ಗುಡ್ಡದ ಕೆಳಗೆ ಒಳ್ಳೆ ಹುಲ್ಲುಗಾವಲಿನಲ್ಲಿ ನೆಲೆನಿಂತರು, ಏಮಸ್‌ನ ಕಡೆಯವರು ಗುಡ್ಡದ ಮೇಲೆ ಕಲ್ಲು ನೆಲದಲ್ಲಿ. ಊರಿನ ಜನನ-ಮರಣದ ಪುಸ್ತಕದಲ್ಲಿ ಥ್ಯಾಂಕ್‌ಫುಲ್ ಸತ್ತಿದ್ದು 1770ರ ಮಾರ್ಚ್ ಅಂತಿತ್ತು. ಮೇಲಿನ ಪೀಸ್ಲಿಗಳ ಮನೆ ಬೈಬಲ್ಲಿನಲ್ಲಿ ಏಮಸ್ ಹುಟ್ಟಿದ್ದು 1771ರ ಮಾರ್ಚ್ ಏಳು, ತಾಯಿ ಥ್ಯಾಂಕ್‌ಫುಲ್ ಅಂತಿತ್ತು. ಸತ್ತವಳು ವರ್ಷ ಕಳೆದ ಮೇಲೆ ಹಡೆಯುವುದುಂಟೇ? ಏಮಸ್ ಮನೆಕೆಲಸದ ಹುಡುಗಿಗೆ ಹುಟ್ಟಿದವನು, ಆಮೇಲೆ ಬೈಬಲ್ಲಿಗೆ ತುರುಕಿದರು ಅಂತ ಕೆಳಗಿನವರು ಹೇಳುತ್ತ ಬಂದರು. ಮೇಲಿನವರನ್ನು ಕೆಲಸದವಳ ಸಂತಾನ ಅಂತಲೇ ಊರು ಕರೆಯಿತು.

ಲೈಲ್‌ನ ತಾಯಿ ಕೆಳಗಿನ ಪೀಸ್ಲಿಗಳ ಮಗಳು. ಅವರ ಮನೆಯ ಊಟದ ಮೇಜಿನ ಮೇಲೆ ಆ ಮಾತು ಉಪ್ಪಿನಷ್ಟೇ ಸಲೀಸಾಗಿ ಓಡಾಡುತ್ತಿತ್ತು. ಊರಿನ ಪುಸ್ತಕವೂ ಕಾಗದ, ಬೈಬಲ್ಲೂ ಕಾಗದ. ನ್ಯಾಯವಾಗಿ ಎರಡನ್ನೂ ಬರೆದು ಬಿಡಬೇಕಿತ್ತು. ವರ್ನಾ "ಏಮಸ್: ತಾಯಿ ಯಾರೋ ತಿಳಿದಿಲ್ಲ" ಅಂತ ಬರೆದಳು. ಬರೆಯುವಾಗ ಕೈ ತಡೆಯಲಿಲ್ಲ.

ಸುದ್ದಿ ಗುಡ್ಡ ಹತ್ತಿತು. ಮಾರನೇ ವಾರ ಐಡೆಲ್ಲಾ ಪೀಸ್ಲಿ ಮೊಟ್ಟೆ ಬುಟ್ಟಿ ಹಿಡಿದುಕೊಂಡು ಇಳಿದು ಬಂದಳು. ಮೇಲಿನ ಮನೆಯಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಮದುವೆಯಾಗಲಿಲ್ಲ, ಕೋಳಿ ಸಾಕಿಕೊಂಡಿದ್ದಳು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಶಾಲೆಯ ಒಂದೇ ಒಲೆಗೆ ಕೈ ಕಾಯಿಸಿದವರು.

"ತಾಯಿ ತಿಳಿದಿಲ್ಲ ಅಂತ ಬರ್ದಿದ್ದೀಯಂತೆ."

"ಬರ್ದಿದ್ದೀನಿ."

"ನಮ್ಮನೆ ಬೈಬಲ್ಲಲ್ಲಿ ಇದೆಯಲ್ಲೇ ವರ್ನಾ. ನೀನೇ ಬೆರಳಿಟ್ಟು ಓದ್ದೆ."

"ಮನೆ ಬೈಬಲ್ಲು ಮನೆಯೋರೇ ಬರ್ಕೊಂಡಿದ್ದು. ಊರಿನ ಪುಸ್ತಕ ಬೇರೆ ಹೇಳತ್ತೆ."

"ಊರಿನ ಪುಸ್ತಕ ಅರ್ಧ ಸುಟ್ಟಿತ್ತು. ನೀನು ನೋಡಿದ್ದು ಯಾವನೋ ಆಮೇಲೆ ನಕಲು ಇಳಿಸ್ಕೊಂಡಿದ್ದು. ಅವನು ಕುಡ್ದು ಕೂತು ಬರ್ದ್ನೋ ಏನೋ."

"ಕುಡ್ದಿದ್ದ ಅಂತ ಎಲ್ಲಾದ್ರೂ ಬರ್ದಿದ್ಯಾ?"

ಐಡೆಲ್ಲಾಗೆ ಸಿಟ್ಟಿನಲ್ಲೂ ನಗು ಬಂತು. "ನಿನ್ನ ಹತ್ರ ಸಾಯೋದೂ ಕಷ್ಟ ಕಣೇ. ಸತ್ತೆ ಅನ್ನೋಕೂ ಚೀಟಿ ತರ್ಬೇಕು."

ಆಮೇಲೆ ನಗು ಇಳಿಯಿತು. "ನಮ್ಮಪ್ಪ ಆ ಮಾತು ಕೇಳ್ಕೊಂಡೇ ಸತ್ತ. ಶಾಲೆಲಿ ನನ್ನ ಬೆನ್ನ ಹಿಂದೆ ಅಂದೋರಲ್ಲಿ ನೀನೂ ಇದ್ದೆ, ನಾನೇನು ಮರೆತಿಲ್ಲ. ಮಾತಾದ್ರೆ ಗಾಳಿಗೆ ಹೋಗತ್ತೆ ವರ್ನಾ. ನೀನು ಅಚ್ಚು ಹಾಕಿಸಿದ್ರೆ ಅದು ಹೋಗಲ್ಲ. ನಮ್ಮನೆ ಹಿರೀಕಂಗೆ ತಾಯಿ ಇಲ್ಲ ಅಂತ ಆಗ್ಬಿಡತ್ತೆ."

ವರ್ನಾ ಮೊಟ್ಟೆಗಳನ್ನು ಒಂದೊಂದಾಗಿ ಬಟ್ಟಲಿಗೆ ಎತ್ತಿಡುತ್ತಿದ್ದಳು.

"ಕಲ್ಲು ಹೇಳಿದ್ರೆ ಬರೀತೀಯಾ?"

"ಯಾವ ಕಲ್ಲು?"

"ಥ್ಯಾಂಕ್‌ಫುಲ್‌ದು. ನಮ್ಮ ಹಳೇ ಗೋರಿಗಳಿರೋ ಕಾಡಲ್ಲಿ, ಗೋಡೆಗೆ ಒರಗಿದೆ. ಪಾಚಿ ಹಿಡ್ದು ಯಾರಿಗೂ ಓದಕ್ಕಾಗಿಲ್ಲ. ಅಡೀಲಿ ಅಕ್ಷರ ಕೈಗೆ ತಗುಲತ್ತೆ. ನೀನು ಓದ್ತೀಯ."

"ಕಲ್ಲು ಹೇಳಿದ್ರೆ ಖಂಡಿತ ಬರೀತೀನಿ," ಅಂದಳು ವರ್ನಾ. ಹಿಮ ಕರಗಿ ದಾರಿಯ ಕೆಸರು ಆರುತ್ತ ಬಂದಿತ್ತು, ಬರುವ ಶನಿವಾರ ಇಬ್ಬರೂ ಹೋಗುವುದು ಅಂತಾಯಿತು.

ವರ್ನಾ ಶನಿವಾರದವರೆಗೆ ಕಾಯಲಿಲ್ಲ. ಗುರುವಾರವೇ ಹೊರಟಳು. ತನ್ನದು ತಪ್ಪಾಗಿದ್ದರೆ ಐಡೆಲ್ಲಾ ಮುಂದೆ ಗೊತ್ತಾಗುವುದು ಬೇಡ, ಮೊದಲು ತನಗೊಬ್ಬಳಿಗೆ ಗೊತ್ತಾಗಲಿ ಅಂತ ಅವಳ ಮನಸ್ಸಿನಲ್ಲಿತ್ತು. ಒಂದು ಬಕೆಟ್ ನೀರು, ವಿನೆಗರ್ ಬಾಟಲಿ, ಜೊತೆಗೆ ಲೈಲ್‌ನ ತಂತಿ ಬ್ರಷ್. ಮೇಪಲ್ ಮರದ ಸಿಹಿ ರಸ ಕಾಯಿಸುವ ಕೊಪ್ಪರಿಗೆಯ ತಳ ಹಿಡಿದ ಕಪ್ಪು ಕೆರೆಯಲು ಅವನು ಇಟ್ಟುಕೊಂಡಿದ್ದ ಬ್ರಷ್ ಅದು. ಹಳೇ ಗೋರಿಕಲ್ಲು ಓದುವವರೆಲ್ಲ ನಮ್ಮ ಕಡೆ ಹೀಗೇ ಮಾಡುತ್ತಿದ್ದರು. ಕಲ್ಲಲ್ಲವೇ, ಏನಾಗುತ್ತದೆ?

ಸ್ಲೇಟಿನ ಕಲ್ಲು, ಪದರ ಪದರ. ನೀರು ಹೊಯ್ದು ಉಜ್ಜಿದಾಗ ಪಾಚಿ ಹಸಿರು ರಸವಾಗಿ ಇಳಿಯಿತು. ಎಲೆ ಬಿಡದ ಮರಗಳ ನಡುವೆ ಓರೆ ಬಿಸಿಲು ಬಿದ್ದು ಅಕ್ಷರಗಳ ಗುಳಿಯಲ್ಲಿ ನೆರಳು ನಿಂತಿತು. ಮೇಲೆ ರೆಕ್ಕೆ ಇರುವ ಒಂದು ಮುಖ. ಅದರ ಕೆಳಗೆ ವರ್ನಾ ಬೆರಳಿಟ್ಟು, ತುಟಿ ಆಡಿಸುತ್ತ ಓದಿದಳು. ಜೋಥಮ್ ಪೀಸ್ಲಿಯ ಹೆಂಡತಿ ಥ್ಯಾಂಕ್‌ಫುಲ್. 1771ರ ಮಾರ್ಚ್ 9ರಂದು ಹೆರಿಗೆಯಲ್ಲಿ ತೀರಿಕೊಂಡಳು.

ಅಲ್ಲಿಗೆ ಎಲ್ಲ ತೀರ್ಮಾನವಾಗಿತ್ತು. ಊರಿನ ಪುಸ್ತಕದ ನಕಲು ಇಳಿಸಿಕೊಂಡವನು ಒಂದು ವರ್ಷ ತಪ್ಪಿದ್ದ, ಅಷ್ಟೇ. ಏಮಸ್‌ನನ್ನು ಹೆತ್ತೇ ಆ ಹೆಣ್ಣು ಸತ್ತಿತ್ತು. ಇನ್ನೂರು ವರ್ಷದ ಮಾತು ಸುಳ್ಳು. ಆ ಸುಳ್ಳನ್ನು ತಾನೂ ಶಾಲೆಯಲ್ಲಿ ಆಡಿದ್ದಳು, ಮೊನ್ನೆ ಬರೆದೂ ಆಯಿತು.

ಬ್ರಷ್ ಕೆಳಗಿಟ್ಟು ಮನೆಗೆ ಹೋಗಿದ್ದರೆ ಸಾಕಿತ್ತು. ಆದರೆ ಕೆಳಗೆ ಇನ್ನೊಂದು ಸಾಲು ಮಣ್ಣಿನಲ್ಲಿ ಅರ್ಧ ಹೂತಿತ್ತು. ಅರ್ಧ ಓದಿ ಏಳುವುದು ಅವಳಿಗೆ ಅಭ್ಯಾಸವಿರಲಿಲ್ಲ. ಮಣ್ಣು ಕೆದಕಿ, ವಿನೆಗರ್ ಸುರಿದು, ಒತ್ತಿ ಉಜ್ಜಿದಳು. ಟಪ್ ಅಂತ ಒಣ ಸದ್ದಾಯಿತು. ಹಳೇ ಗೋಡೆಯ ಹಕ್ಕಳೆ ಎದ್ದ ಹಾಗೆ ಕಲ್ಲಿನ ಮುಖ ಪೂರ್ತಿ ಎದ್ದು, ಅವಳ ಮಡಿಲಿಗೆ ಜಾರಿ, ಮೊಣಕಾಲಿಗೆ ತಾಗಿ ಪುಡಿಯಾಯಿತು. ಎಷ್ಟೋ ಚಳಿಗಾಲದ ನೀರು ಒಳಗೆ ಹೆಪ್ಪುಗಟ್ಟಿ ಅದನ್ನು ಯಾವಾಗಲೋ ಬಿಡಿಸಿಟ್ಟಿರಬೇಕು. ಉಳಿದ ಕಲ್ಲು ನುಣ್ಣಗೆ, ಬೋಳಾಗಿ ನಿಂತಿತ್ತು.

ವರ್ನಾ ಚೂರುಗಳನ್ನು ಏಪ್ರನ್‌ನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಜೋಡಿಸಲು ಕೂತಳು. ಅವಳ ತಾಳ್ಮೆ ಯಾವ ಉಪಯೋಗಕ್ಕೂ ಬರಲಿಲ್ಲ. ಹೆಬ್ಬೆರಳಿನ ಉಗುರಿಗಿಂತ ದೊಡ್ಡ ಚೂರು ಒಂದೇ ಇತ್ತು, ಅದರಲ್ಲಿ ರೆಕ್ಕೆಯ ಎರಡು ಗರಿ. ಮಿಕ್ಕಿದ್ದೆಲ್ಲ ಕಪ್ಪು ಹುಡಿ.

ಶನಿವಾರ ಐಡೆಲ್ಲಾ ಅಪ್ಪನ ದಪ್ಪ ಬೂಟು ಹಾಕಿಕೊಂಡು, ಪೊಟ್ಟಣದಲ್ಲಿ ಹ್ಯಾಮ್ ಬ್ರೆಡ್ ಕಟ್ಟಿಕೊಂಡು ಬಂದಳು. ದಾರಿಯುದ್ದಕ್ಕೂ ಮಾತಾಡಿದಳು. ಗೋಡೆ ದಾಟಿ ಕಲ್ಲಿನ ಮುಂದೆ ಬಂದಳು. ಕೂತು, ಕೈ ಇಟ್ಟು ಸವರಿದಳು.

"ಹಿಮ ತಿಂದ್ಹಾಕಿದೆ," ಅಂದಳು ವರ್ನಾ. ಆ ಮಾತು ತಾನಾಗೇ ಬಾಯಿಂದ ಬಂದಿತ್ತು.

"ಹೋದ ವರ್ಷ ಇತ್ತು ಕಣೇ. ಕೈಗೆ ತಗುಲ್ತಿತ್ತು."

"ಈ ಸಲದ ಚಳಿ ಕೆಟ್ಟದಿತ್ತು."

ಐಡೆಲ್ಲಾ ಕಲ್ಲಿನಿಂದ ಕೈ ತೆಗೆದು ಬೂಟಿಗೆ ಒರೆಸಿಕೊಂಡಳು. ಆಮೇಲೆ, "ಕಲ್ಲೂ ನಿಮ್ಮ ಕಡೆಯೋರ ಪಕ್ಷಾನೇ ಸೇರ್ಕೊಂಡ್ತು ನೋಡು," ಅಂತ ಪೊಟ್ಟಣ ಬಿಚ್ಚಿ, ಬ್ರೆಡ್ಡನ್ನು ಮುರಿದು ದೊಡ್ಡ ಅರ್ಧ ವರ್ನಾಗೆ ಕೊಟ್ಟಳು. ವರ್ನಾ ಅದನ್ನು ತಿಂದಳು. ಆ ತುತ್ತು ಅವಳಿಗೆ ಕೊನೆವರೆಗೂ ನೆನಪಿತ್ತು.

ಅದಾದ ಮೇಲೆ ಅವಳಿಗೆ ಪುಸ್ತಕದ ಕೆಲಸ ಸಾಗಲಿಲ್ಲ. ಪೀಸ್ಲಿ ಹಾಳೆ ಬಂದರೆ ತಿರುವಿಬಿಡುತ್ತಿದ್ದಳು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹೆದರಿಕೆಯಾಗುತ್ತಿದ್ದದ್ದು ಅದಕ್ಕೇ. ಐಡೆಲ್ಲಾ ಮಾತ್ರ ಪ್ರತಿ ವಾರ ಮೊಟ್ಟೆ ತಂದು ಇಡುತ್ತಿದ್ದಳು, ಏಮಸ್‌ನ ಮಾತೇ ಎತ್ತುತ್ತಿರಲಿಲ್ಲ.

ಜೂನ್‌ನಲ್ಲಿ ಚರ್ಚಿನಲ್ಲಿ ಊರವರೆಲ್ಲ ಸೇರುವ ಬೀನ್ಸ್ ಊಟ. ಊಟ ಮುಗಿದು ನೆಲಮಾಳಿಗೆಯ ಅಡುಗೆಮನೆಯಲ್ಲಿ ಇಬ್ಬರೇ ಪಾತ್ರೆಗೆ ನಿಂತಿದ್ದರು. ಬೀನ್ಸ್ ಬೇಯಿಸಿದ ಮಡಕೆಯ ತಳ ಸೀದುಹೋಗಿತ್ತು. ಐಡೆಲ್ಲಾ ಗೂಟದಿಂದ ತಂತಿ ಬ್ರಷ್ ತೆಗೆದು ಚಾಚಿದಳು. "ಏನು ಮೃದುವಾಗಿ ಸವರ್ತಾ ಇದ್ದೀಯ, ಮಗು ಮೈ ತೊಳ್ದಂಗೆ? ಇದ್ರಲ್ಲಿ ಉಜ್ಜು."

ವರ್ನಾ ಬ್ರಷ್ ತೆಗೆದುಕೊಳ್ಳಲಿಲ್ಲ. ಕೈ ನೀರಲ್ಲೇ ಇಟ್ಟುಕೊಂಡು ಹೇಳಿದಳು. "ಹಿಮ ತಿಂದಿದ್ದಲ್ಲ ಐಡೆಲ್ಲಾ. ಎರಡು ದಿನ ಮುಂಚೆ ನಾನೇ ಹೋಗಿದ್ದೆ. ಉಜ್ಜಿದೆ. ಎದ್ದು ಬಂತು."

ಐಡೆಲ್ಲಾ ಬ್ರಷ್ ಹಿಡಿದೇ ನಿಂತಿದ್ದಳು. "ಓದ್ದ್ಯಾ?"

"ಓದಿದೆ."

"ಏನಿತ್ತು?"

ವರ್ನಾ ಹೇಳಿದಳು, ಅಕ್ಷರ ಬಿಡದೆ. ಐಡೆಲ್ಲಾ "ಇನ್ನೊಂದ್ಸಲ ಹೇಳು" ಅಂದಳು. ಇನ್ನೊಂದು ಸಲ ಹೇಳಿದಳು. ಐಡೆಲ್ಲಾ ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಹರಿಯಿತು. ಆಮೇಲೆ ಮುಖ ಕಲ್ಲಾಯಿತು.

"ನನ್ನ ಅರ್ಧ ಬ್ರೆಡ್ ತಿಂದ್ರಲ್ಲ, ಮಿಸೆಸ್ ವಿಚರ್," ಅಂದಳು. ಅರವತ್ತು ವರ್ಷದಲ್ಲಿ ಅವಳು ವರ್ನಾಳನ್ನು ಹಾಗೆ ಕರೆದಿರಲಿಲ್ಲ. "ಅಲ್ಲೇ ಕೂತ್ಕೊಂಡು ತಿಂದ್ರಿ."

"ಪುಸ್ತಕದಲ್ಲಿ ಸರಿ ಮಾಡ್ತೀನಿ. ತಾಯಿ ಥ್ಯಾಂಕ್‌ಫುಲ್, ಕಲ್ಲಿನ ಪ್ರಕಾರ ಅಂತ ಬರೀತೀನಿ."

"ಯಾವ ಕಲ್ಲಿನ ಪ್ರಕಾರ? ಹೋಗಿ ನೋಡಿದ್ರೆ ಬೋಳು ಕಲ್ಲಿರತ್ತೆ. ಐಡೆಲ್ಲಾ ಮೊಟ್ಟೆ ಕೊಟ್ಟು ಬರೆಸ್ಕೊಂಡ್ಲು ಅಂತಾರೆ. ಬರಿಯೋದಾದ್ರೆ ಆಗಿದ್ದು ಆದ ಹಾಗೆ ಬರೀರಿ. ಒಡ್ದೋರು ಯಾರು ಅಂತಾನೂ ಬರೀರಿ." ಬ್ರಷ್ಷನ್ನು ಗೂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿ ಹೋದಳು.

ಆಗಸ್ಟ್‌ನಲ್ಲಿ ಪುಸ್ತಕ ಬಂತು. ಏಮಸ್‌ನ ಹೆಸರಿನ ಕೆಳಗೆ ಹೀಗಿತ್ತು: ತಾಯಿ ಥ್ಯಾಂಕ್‌ಫುಲ್, 1771ರ ಮಾರ್ಚ್ 9ರಂದು ಹೆರಿಗೆಯಲ್ಲಿ ತೀರಿಕೊಂಡವಳು, ಗೋರಿಕಲ್ಲಿನ ಮೇಲೆ ಇದ್ದ ಹಾಗೆ. ಕಲ್ಲನ್ನು ಓದಿದವಳು ವರ್ನಾ ವಿಚರ್ ಒಬ್ಬಳೇ. ಓದುವಾಗ ಅವಳೇ ಅದನ್ನು ತಂತಿ ಬ್ರಷ್‌ನಿಂದ ಹಾಳುಮಾಡಿದಳು. ಊರಿನ ಪುಸ್ತಕ ಬೇರೆ ಹೇಳುತ್ತದೆ.

ಊರು ನಕ್ಕಿತು. ಕೆಳಗಿನ ಪೀಸ್ಲಿಗಳಲ್ಲಿ ಹಿರಿಯವನಾದ ವೆಂಡೆಲ್, "ಮುದುಕಿ ಕಲ್ಲಿನ ಬಾಯಿ ಮುಚ್ಚಿಸಿ ತಾನೇ ಅದರ ಪರವಾಗಿ ಮಾತಾಡ್ತಿದ್ದಾಳೆ" ಅಂದ. ಡೌ ಮನೆಯ ಯಜಮಾನಿ ಅಂಗಡಿಯಲ್ಲಿ ಎಲ್ಲರ ಮುಂದೆ, "ಕಾಗದ ಇದ್ಯಾ ವರ್ನಾ? ಕಲ್ಲಿದ್ಯಾ?" ಅಂತ ಕೇಳಿದಳು. ವರ್ನಾ "ಇಲ್ಲ" ಅಂದು ಹಿಟ್ಟಿನ ಚೀಲ ಎತ್ತಿಕೊಂಡಳು. ತನಗೆ ಅಂದದ್ದು ಅವಳಿಗೆ ನೋಯಲಿಲ್ಲ. ನಿಜ ಅಚ್ಚಾಗಿದ್ದರೂ ಅದು ತನ್ನ ಬಾಯಿಂದ ಬಂದದ್ದರಿಂದಲೇ ಅರ್ಧ ಊರು ನಂಬಲಿಲ್ಲ ಅನ್ನುವುದು ನೋಯಿತು. ಏಮಸ್‌ಗೆ ತಾಯಿ ಸಿಕ್ಕಿದ್ದಳು, ಆದರೆ ಅನುಮಾನದ ಜೊತೆ.

ಆ ಚಳಿಗಾಲ ಮೊಟ್ಟೆ ಬರಲಿಲ್ಲ.

ಮೇ ಕೊನೆಯಲ್ಲಿ, ಸತ್ತವರನ್ನು ನೆನೆಯುವ ದಿನ, ನಾವು ಗೋರಿಗಳಿಗೆ ಹೂವಿನ ಕುಂಡ ಇಡುತ್ತೇವೆ, ಊರಲ್ಲಿ ಮೆರವಣಿಗೆಯೂ ಇರುತ್ತದೆ. ಆ ದಿನ ಬೆಳಿಗ್ಗೆ ಐಡೆಲ್ಲಾ ವರ್ನಾಳ ಬಾಗಿಲಿಗೆ ಬಂದಳು, ಕೈಯಲ್ಲಿ ಕೆಂಪು ಜೆರೇನಿಯಂ ಹೂವಿನ ಕುಂಡ.

"ನಡಿ. ಅಲ್ಲಿ ಏನಿತ್ತು ಅಂತ ಹೇಳೋಕೆ ನೀನೇ ಬರ್ಬೇಕು. ಬೇರೆ ಯಾರೂ ಇಲ್ಲ."

ಇಬ್ಬರೂ ನಿಧಾನಕ್ಕೆ ಹತ್ತಿದರು. ವರ್ನಾಳ ಜೇಬಿನಲ್ಲಿ ಎರಡು ಗರಿಯ ಚೂರಿತ್ತು. ಅದನ್ನು ತೆಗೆದು ಕಲ್ಲಿನ ಬುಡದಲ್ಲಿ ಇಟ್ಟಳು. ಐಡೆಲ್ಲಾ ಕುಂಡವನ್ನು ಮಣ್ಣಿಗೆ ಒತ್ತಿ, ಬೋಳು ಕಲ್ಲಿನ ಮೇಲೆ ಅಂಗೈ ಇಟ್ಟಳು. "ಹೇಳು."

"ಜೋಥಮ್ ಪೀಸ್ಲಿಯ ಹೆಂಡತಿ ಥ್ಯಾಂಕ್‌ಫುಲ್. 1771ರ ಮಾರ್ಚ್..."

ವರ್ನಾ ನಿಂತಳು. ಕಣ್ಣು ಮುಚ್ಚಿದಳು. ಬಿಸಿಲು ಕಂಡಿತು, ಗುಳಿಯ ನೆರಳು ಕಂಡಿತು, ಅಂಕಿ ಕಾಣಲಿಲ್ಲ. ಬೈಬಲ್ಲಿನಲ್ಲಿದ್ದದ್ದು ಏಳು. ಕಲ್ಲಿನಲ್ಲಿದ್ದದ್ದು?

"ಒಂಬತ್ತು," ಅಂದಳು ಐಡೆಲ್ಲಾ. "ಪುಸ್ತಕದಲ್ಲಿ ಒಂಬತ್ತು ಅಂತಿದೆಯಲ್ಲ."

"ಅದನ್ನ ಬರ್ದೋಳು ನಾನೇ ಅಲ್ವಾ ಐಡೆಲ್ಲಾ," ಅಂದಳು ವರ್ನಾ.

ಐಡೆಲ್ಲಾ ಅಂಗೈ ತೆಗೆಯಲಿಲ್ಲ. ಕೆಳಗೆ ಹಳ್ಳಿಯಲ್ಲಿ ಮೆರವಣಿಗೆಯ ಡೋಲು ಶುರುವಾಗಿತ್ತು. "ವರ್ಷ ಸರಿ ಇದ್ಯಲ್ಲ?" ಅಂತ ಕೇಳಿದಳು.

"ವರ್ಷ ಸರಿ ಇದೆ. ಅದು ಕಣ್ಣಿಗೆ ಕಟ್ಟಿದೆ."

"ಹಾಗಾದ್ರೆ ವರ್ಷ ಹೇಳು. ಮೊದಲಿಂದ ಹೇಳು."